ಸ್ಥಳೀಯ ಕುಬರ್ನೆಟೀಸ್ ಕ್ಲಸ್ಟರಿನಲ್ಲಿ ವೆಬ್ ಸೇವೆ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮದೇ ಕಂಪ್ಯೂಟರಿನಲ್ಲಿ ಕುಬರ್ನೆಟೀಸ್ (ಕಂಟೇನರ್‌ಗಳನ್ನು ನಡೆಸಿ ನಿರ್ವಹಿಸುವ ವ್ಯವಸ್ಥೆ) ಕ್ಲಸ್ಟರ್ ಸ್ಥಾಪಿಸಿ, ತಾವು ಬರೆದ ವೆಬ್ ಸೇವೆಯನ್ನು ಅದರಲ್ಲಿ ನಡೆಸಿ, ಬ್ರೌಸರಿನಿಂದ ಅದನ್ನು ತಲುಪಬೇಕೆನ್ನುವವರಿಗಾಗಿ ಈ ಪುಟವನ್ನು ಸಿದ್ಧಪಡಿಸಲಾಗಿದೆ. ಓದುವವರಿಗೆ ಕಂಟೇನರ್ ಇಮೇಜ್ ಕಟ್ಟುವುದು ಗೊತ್ತಿದೆ, ಟರ್ಮಿನಲ್ ಬಳಸಿ ರೂಢಿಯಿದೆ ಎಂದು ಭಾವಿಸಲಾಗಿದೆ. ದೋಷದ ಸಂದೇಶ ಕಂಡೊಡನೆ ಎಲ್ಲಿಂದಲೋ ಒಂದು ಪರಿಹಾರ ತಂದು ಅಂಟಿಸುವ ಬದಲು, ಇಮೇಜ್, ಸಂರಚನೆ, ಕೋರಿಕೆ ಈ ಮೂರರಲ್ಲಿ ಯಾವುದು ತನ್ನ ದಾರಿಯ ಯಾವ ಹಂತದಲ್ಲಿ ನಿಂತುಹೋಗಿದೆ ಎಂದು ಪತ್ತೆ ಮಾಡುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ಕೆಳಗಿನ ಉತ್ತರಗಳು ಆ ಕ್ರಮವನ್ನೇ ಅನುಸರಿಸುತ್ತವೆ.

## ಮಿನಿಕ್ಯೂಬ್, ಕೈಂಡ್, ಕೆ3ಎಸ್: ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಮೂರೂ ನಿಜವಾದ ಕುಬರ್ನೆಟೀಸನ್ನೇ ಒದಗಿಸುವುದರಿಂದ, ಒಂದಕ್ಕೆಂದು ಬರೆದ ಡಿಪ್ಲಾಯ್‌ಮೆಂಟ್ ಕಡತ ಉಳಿದೆರಡರಲ್ಲೂ ನಡೆಯುತ್ತದೆ. ವ್ಯತ್ಯಾಸವಿರುವುದು ನೋಡ್, ಅಂದರೆ ಕಂಟೇನರ್‌ಗಳನ್ನು ನಡೆಸುವ ಯಂತ್ರ, ಎಲ್ಲಿ, ಯಾವ ರೂಪದಲ್ಲಿ ಇದೆ ಎಂಬುದರಲ್ಲಿ. ಮಿನಿಕ್ಯೂಬ್ ನೋಡನ್ನು ವರ್ಚುವಲ್ ಯಂತ್ರದೊಳಗೆ ಅಥವಾ ಡಾಕರ್ ಕಂಟೇನರಿನೊಳಗೆ ಇರಿಸುತ್ತದೆ. ಇಂಗ್ರೆಸ್ (ಹೊರಗಿನ ಕೋರಿಕೆಗಳನ್ನು ಸೇವೆಗಳಿಗೆ ತಲುಪಿಸುವ ಏರ್ಪಾಡು), ಮೆಟ್ರಿಕ್ಸ್ ಸರ್ವರ್, ಡ್ಯಾಶ್‌ಬೋರ್ಡ್ ಮುಂತಾದವನ್ನು ಆಡ್‌ಆನ್ ರೂಪದಲ್ಲಿ ಒಂದೇ ಆದೇಶದಿಂದ ಸೇರಿಸಿಕೊಳ್ಳಬಹುದು. ಕೈಂಡ್ ಮೂಲತಃ ಕುಬರ್ನೆಟೀಸನ್ನೇ ಪರೀಕ್ಷಿಸಲು ರೂಪುಗೊಂಡ ಸಾಧನವಾಗಿದ್ದು, ಪ್ರತಿಯೊಂದು ನೋಡನ್ನೂ ಒಂದು ಕಂಟೇನರಾಗಿ ನಡೆಸುತ್ತದೆ. ಹಲವು ನೋಡ್‌ಗಳ ಕ್ಲಸ್ಟರನ್ನು ಬೇಗ ಕಟ್ಟಿ ಬೇಗ ಅಳಿಸುವುದಕ್ಕೆ ಅದು ಬಹಳ ಅನುಕೂಲ. ಕೆ3ಎಸ್ ಒಂದೇ ಬೈನರಿ ಕಡತವಾಗಿ ಬರುತ್ತದೆ, ಲಿನಕ್ಸಿನ ಮೇಲೆ ನೇರವಾಗಿ ನಡೆಯುತ್ತದೆ, ಒಂದೇ ಸರ್ವರ್ ಇದ್ದಾಗ ಕ್ಲಸ್ಟರಿನ ಮಾಹಿತಿ ಇಡಲು ಎಟ್‌ಸಿಡಿ ಡೇಟಾಬೇಸಿನ ಬದಲು ಎಸ್‌ಕ್ಯೂಲೈಟನ್ನು ಬಳಸುತ್ತದೆ. ಟ್ರೇಫಿಕ್ ಎಂಬ ಇಂಗ್ರೆಸ್ ಕಂಟ್ರೋಲರ್ ಅದರ ಜೊತೆಗೇ ಸಿದ್ಧವಾಗಿರುತ್ತದೆ. ಅದೇ ಕೆ3ಎಸನ್ನು ಕಂಟೇನರಿನೊಳಗೆ ನಡೆಸಬೇಕೆಂದರೆ ಕೆ3ಡಿ ಇದೆ.

ಮೊದಲ ಬಾರಿಗೆ ಕಲಿಯುವವರಿಗೆ ನಾನು ಮಿನಿಕ್ಯೂಬನ್ನು, ಮತ್ತೆ ಮತ್ತೆ ಅಳಿಸಿ ಕಟ್ಟುವವರಿಗೆ ಕೈಂಡನ್ನು, ಲಿನಕ್ಸ್ ಯಂತ್ರವೊಂದನ್ನು ಸದಾ ಚಾಲನೆಯಲ್ಲಿಡುವವರಿಗೆ ಕೆ3ಎಸನ್ನು ಸೂಚಿಸುತ್ತೇನೆ. ಆಯ್ಕೆಗಾಗಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ, ಏಕೆಂದರೆ ಬದಲಾಯಿಸುವುದು ಸುಲಭ.

## ಕಂಪ್ಯೂಟರಿನಲ್ಲಿ ಎಷ್ಟು ಸಾಮರ್ಥ್ಯ ಇರಬೇಕು?

ಮಿನಿಕ್ಯೂಬ್ ಕೇಳುವ ಕನಿಷ್ಠ ಪ್ರಮಾಣವೆಂದರೆ 2 ಸಿಪಿಯು, 2 ಜಿಬಿ ಖಾಲಿ ಮೆಮೊರಿ ಮತ್ತು 20 ಜಿಬಿ ಡಿಸ್ಕ್ ಜಾಗ. ಅಷ್ಟರಲ್ಲಿ ಕ್ಲಸ್ಟರ್ ಏಳುತ್ತದೆಯೇ ಹೊರತು ವೆಬ್ ಸೇವೆ, ಡೇಟಾಬೇಸ್, ಇಂಗ್ರೆಸ್ ಎಲ್ಲವೂ ನೆಮ್ಮದಿಯಿಂದ ನಡೆಯುವುದಿಲ್ಲ. ಕ್ಲಸ್ಟರಿಗಾಗಿಯೇ 4 ಜಿಬಿ ಮೆಮೊರಿ ಬಿಟ್ಟುಕೊಡಲು ಸಾಧ್ಯವಾದರೆ ಒಳ್ಳೆಯದು. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಬಳಸುವವರು, ಅದರ ಹಿಂದಿರುವ ವರ್ಚುವಲ್ ಯಂತ್ರಕ್ಕೆ ಎಷ್ಟು ಮೆಮೊರಿ ಮೀಸಲಾಗಿದೆ ಎಂದು ನೋಡಬೇಕು. ಕ್ಲಸ್ಟರಿಗೆ ಸಿಗುವುದು ಅದರಲ್ಲಿನ ಪಾಲು ಮಾತ್ರ.

## ಇಮೇಜ್ ನನ್ನ ಕಂಪ್ಯೂಟರಿನಲ್ಲೇ ಇದೆ. ಆದರೂ ಪಾಡ್ ‘ಇಮೇಜ್‌ಪುಲ್‌ಬ್ಯಾಕ್‌ಆಫ್’ ಎಂದು ತೋರಿಸುವುದೇಕೆ?

ಹೊಸಬರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಇದು. ಇದರ ಉತ್ತರ ಮನಸ್ಸಿನಲ್ಲಿ ನಿಂತರೆ ಸ್ಥಳೀಯ ಕ್ಲಸ್ಟರಿನ ಸ್ವರೂಪವೇ ಅರ್ಥವಾಗುತ್ತದೆ. ನೀವು ‘ಡಾಕರ್ ಬಿಲ್ಡ್’ ಮಾಡಿದಾಗ ಇಮೇಜ್ ಸೇರುವುದು ನಿಮ್ಮ ಯಂತ್ರದ ಡಾಕರ್ ಸಂಗ್ರಹಕ್ಕೆ. ಪಾಡನ್ನು, ಅಂದರೆ ನಿಮ್ಮ ಕಂಟೇನರನ್ನು ಹೊತ್ತ ಘಟಕವನ್ನು, ನಡೆಸುವುದು ನೋಡ್. ಅದರೊಳಗೆ ಬೇರೆಯೇ ಕಂಟೇನರ್ ರನ್‌ಟೈಮ್, ಅದಕ್ಕೆ ಬೇರೆಯೇ ಇಮೇಜ್ ಸಂಗ್ರಹ ಇರುತ್ತದೆ. ನಿಮ್ಮ ಸಂಗ್ರಹದಲ್ಲಿ ಏನಿದೆ ಎಂಬುದು ನೋಡಿಗೆ ಕಾಣದು. ಹಾಗಾಗಿ ಅದು ಆ ಹೆಸರಿನ ಇಮೇಜನ್ನು ಅಂತರಜಾಲದ ರಿಜಿಸ್ಟ್ರಿಯಲ್ಲಿ ಹುಡುಕುತ್ತದೆ, ಅಲ್ಲಿಯೂ ಸಿಗದೆ ಸೋಲುತ್ತದೆ.

ಆದ್ದರಿಂದ ಇಮೇಜನ್ನು ನೋಡಿನೊಳಕ್ಕೆ ಸಾಗಿಸಬೇಕು. ಕೈಂಡ್‌ನಲ್ಲಿ ‘ಕೈಂಡ್ ಲೋಡ್ ಡಾಕರ್-ಇಮೇಜ್’, ಮಿನಿಕ್ಯೂಬ್‌ನಲ್ಲಿ ‘ಮಿನಿಕ್ಯೂಬ್ ಇಮೇಜ್ ಲೋಡ್’, ಕೆ3ಡಿಯಲ್ಲಿ ‘ಕೆ3ಡಿ ಇಮೇಜ್ ಇಂಪೋರ್ಟ್’ ಎಂಬ ಆದೇಶಗಳು ಇದಕ್ಕಾಗಿಯೇ ಇವೆ. ಮಿನಿಕ್ಯೂಬ್‌ನಲ್ಲಿ ನೋಡಿನ ರನ್‌ಟೈಮ್ ಡಾಕರ್ ಆಗಿದ್ದರೆ ‘ಡಾಕರ್-ಎನ್ವ್’ ಆದೇಶದ ಮೂಲಕ ಟರ್ಮಿನಲ್ಲನ್ನು ನೋಡಿನ ಡಾಕರಿಗೇ ಜೋಡಿಸಿ, ಇಮೇಜನ್ನು ಅಲ್ಲಿಯೇ ಕಟ್ಟಬಹುದು. ಆ ಜೋಡಣೆ ಆ ಟರ್ಮಿನಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಹೊಸ ಟರ್ಮಿನಲ್ ತೆರೆದರೆ ಇಮೇಜ್ ಮತ್ತೆ ಹಳೆಯ ಸಂಗ್ರಹಕ್ಕೇ ಹೋಗುತ್ತದೆ.

ಇಷ್ಟಾದ ಮೇಲೂ ಅದೇ ದೋಷ ಬಂದರೆ ಟ್ಯಾಗನ್ನು ನೋಡಿ. ಟ್ಯಾಗ್ ‘ಲೇಟೆಸ್ಟ್’ ಆಗಿದ್ದರೆ ಅಥವಾ ಟ್ಯಾಗನ್ನೇ ಕೊಟ್ಟಿಲ್ಲದಿದ್ದರೆ, ಇಮೇಜ್ ತರಿಸುವ ನೀತಿ ತಾನಾಗಿಯೇ ‘ಆಲ್ವೇಸ್’ ಆಗುತ್ತದೆ, ಅಂದರೆ ನೋಡಿನಲ್ಲಿ ಇಮೇಜ್ ಇದ್ದರೂ ಕುಬರ್ನೆಟೀಸ್ ಪ್ರತಿ ಬಾರಿ ರಿಜಿಸ್ಟ್ರಿಯನ್ನು ವಿಚಾರಿಸುತ್ತದೆ. ಬೇರೆ ಯಾವುದೇ ಟ್ಯಾಗ್ ಕೊಟ್ಟರೆ ನೀತಿ ‘ಇಫ್‌ನಾಟ್‌ಪ್ರೆಸೆಂಟ್’ ಆಗಿರುತ್ತದೆ. ಪ್ರತಿಯೊಂದು ಬಿಲ್ಡಿಗೂ ಹೊಸ ಟ್ಯಾಗ್ ಕೊಡುವ ಅಭ್ಯಾಸವನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ; ಗಿಟ್ ಕಮಿಟ್‌ನ ಗುರುತನ್ನೇ ಟ್ಯಾಗಾಗಿ ಬಳಸಬಹುದು. ಹಳೆಯ ಟ್ಯಾಗಿನಲ್ಲೇ ಹೊಸ ಇಮೇಜ್ ತುಂಬಿದರೆ ಡಿಪ್ಲಾಯ್‌ಮೆಂಟ್ ಕಡತದಲ್ಲಿ ಏನೂ ಬದಲಾಗಿರುವುದಿಲ್ಲ, ಪಾಡ್ ಮರುಹುಟ್ಟು ಪಡೆಯುವುದಿಲ್ಲ, ಹಳೆಯ ಕೋಡೇ ನಡೆಯುತ್ತಿರುತ್ತದೆ.

ಇನ್ನೊಂದು ಸನ್ನಿವೇಶವೂ ಇದೆ. ಇಮೇಜ್ ಬಂದಿದ್ದರೂ ಲಾಗಿನಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಕಂಡರೆ, ಇಮೇಜನ್ನು ಒಂದು ಬಗೆಯ ಪ್ರೊಸೆಸರಿಗೆ ಕಟ್ಟಿ ಮತ್ತೊಂದು ಬಗೆಯದರ ಮೇಲೆ ನಡೆಸಲಾಗುತ್ತಿದೆ ಎಂದರ್ಥ. ಆಪಲ್ ಸಿಲಿಕಾನ್ ಯಂತ್ರಗಳು ಆರ್ಮ್ ಬಗೆಯವು. ಎಎಂಡಿ64ಕ್ಕೆಂದು ಕಟ್ಟಿದ ಇಮೇಜನ್ನು ಅವುಗಳಿಗೆ ಮತ್ತೆ ಕಟ್ಟಿಕೊಳ್ಳುವುದೇ ಉತ್ತಮ.

## ಒಂದು ಸರಳ ವೆಬ್ ಸೇವೆಗೆ ಕನಿಷ್ಠ ಏನೇನು ಬರೆಯಬೇಕು?

ಡಿಪ್ಲಾಯ್‌ಮೆಂಟ್ ಮತ್ತು ಸರ್ವಿಸ್, ಇವೆರಡು ಸಾಕು. ಯಾವ ಇಮೇಜನ್ನು ಎಷ್ಟು ಪ್ರತಿಗಳಲ್ಲಿ ನಡೆಸಬೇಕು ಎಂಬುದನ್ನು ಡಿಪ್ಲಾಯ್‌ಮೆಂಟ್ ಹೇಳುತ್ತದೆ. ಪಾಡ್‌ಗಳು ಸಾಯುತ್ತ ಹುಟ್ಟುತ್ತ ಐಪಿ ವಿಳಾಸ ಬದಲಾಯಿಸುತ್ತಿದ್ದರೂ ಹೊರಗಿನವರಿಗೆ ಬದಲಾಗದ ಹೆಸರನ್ನೂ ವಿಳಾಸವನ್ನೂ ಸರ್ವಿಸ್ ಒದಗಿಸುತ್ತದೆ. ಇವೆರಡರ ನಡುವಿನ ನಂಟು ಲೇಬಲ್ ಮಾತ್ರ. ಸರ್ವಿಸಿನ ಸೆಲೆಕ್ಟರಿನಲ್ಲಿರುವ ಪ್ರತಿಯೊಂದು ಲೇಬಲ್ಲೂ ಪಾಡಿನ ಮೇಲೆ ಅಕ್ಷರಶಃ ಇರಬೇಕು. ಡಿಪ್ಲಾಯ್‌ಮೆಂಟಿನ ಹೆಸರಿಗೂ ಈ ಹೊಂದಾಣಿಕೆಗೂ ಸಂಬಂಧವಿಲ್ಲ, ಮತ್ತು ಹೊಂದದಿದ್ದರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಒಂದೂ ಪಾಡನ್ನು ಹಿಡಿಯದ ಸೆಲೆಕ್ಟರ್ ಕೂಡ ಕುಬರ್ನೆಟೀಸಿನ ಲೆಕ್ಕದಲ್ಲಿ ಸರಿಯಾದದ್ದೇ.

## ಕಡತದಲ್ಲಿ ಇಷ್ಟೊಂದು ಬಗೆಯ ಪೋರ್ಟ್‌ಗಳೇಕೆ?

ಕೋರಿಕೆ ಸಾಗುವ ದಾರಿಯಲ್ಲಿ ಒಂದೊಂದು ಹಂತಕ್ಕೆ ಒಂದೊಂದು ಪೋರ್ಟ್ ಇದೆ. ‘ನೋಡ್‌ಪೋರ್ಟ್’ ಎಂಬುದು ನೋಡಿನ ಮೇಲೆ ತೆರೆಯುವ ಬಾಗಿಲು. ಇದರ ಸಂಖ್ಯೆ ಸಾಮಾನ್ಯವಾಗಿ 30000ರಿಂದ 32767ರೊಳಗೆ ಇರುತ್ತದೆ. ‘ಪೋರ್ಟ್’ ಎಂದಷ್ಟೇ ಬರೆದಿರುವುದು ಸರ್ವಿಸಿನ ಪೋರ್ಟ್. ‘ಟಾರ್ಗೆಟ್‌ಪೋರ್ಟ್’ ಎಂದರೆ ಪಾಡಿನೊಳಗೆ ನಿಮ್ಮ ಪ್ರೋಗ್ರಾಂ ನಿಜವಾಗಿ ಆಲಿಸುತ್ತಿರುವ ಪೋರ್ಟ್. ‘ಕಂಟೇನರ್‌ಪೋರ್ಟ್’ ಮಾಹಿತಿಗಾಗಿ ಬರೆಯುವಂಥದ್ದು: ಅಲ್ಲಿ ಸಂಖ್ಯೆ ಬದಲಿಸಿದರೆ ಪ್ರೋಗ್ರಾಂ ಆಲಿಸುವ ಪೋರ್ಟ್ ಬದಲಾಗುವುದಿಲ್ಲ, ಅದನ್ನು ಬಿಟ್ಟರೆ ಪೋರ್ಟ್ ಮುಚ್ಚಿಯೂ ಹೋಗುವುದಿಲ್ಲ. ಆದರೆ ಅಲ್ಲಿ ಪೋರ್ಟಿಗೆ ಒಂದು ಹೆಸರಿಟ್ಟು, ಟಾರ್ಗೆಟ್‌ಪೋರ್ಟಿನಲ್ಲಿ ಸಂಖ್ಯೆಯ ಬದಲು ಆ ಹೆಸರನ್ನೇ ಬಳಸಿದರೆ, ಮುಂದೆ ಸಂಖ್ಯೆ ಬದಲಾದಾಗ ಸರ್ವಿಸಿನ ಕಡತವನ್ನು ಮುಟ್ಟಬೇಕಾಗುವುದಿಲ್ಲ.

## ಪಾಡ್ ‘ರನ್ನಿಂಗ್’ ಎಂದು ತೋರಿಸುತ್ತಿದೆ, ಸರ್ವಿಸ್ ಕೂಡ ಇದೆ, ಆದರೂ ಪುಟ ತೆರೆಯುವುದಿಲ್ಲ. ಎಲ್ಲಿಂದ ಹುಡುಕಲಿ?

ಒಳಗಿನಿಂದ ಹೊರಕ್ಕೆ ಬನ್ನಿ. ‘ರನ್ನಿಂಗ್’ ಎಂದರೆ ಕಂಟೇನರಿನ ಪ್ರಕ್ರಿಯೆ ನಡೆಯುತ್ತಿದೆ ಎಂದಷ್ಟೇ. ಸೇವೆ ಸಿದ್ಧವಾಗಿದೆ ಎಂದಲ್ಲ. ಪಕ್ಕದ ‘ರೆಡಿ’ ಅಂಕಣದಲ್ಲಿ 0/1 ಇದ್ದರೆ, ಸಿದ್ಧತೆಯ ಪರೀಕ್ಷೆಯಲ್ಲಿ ಪಾಡ್ ಉತ್ತೀರ್ಣವಾಗಿಲ್ಲ, ಹಾಗಾಗಿ ಸರ್ವಿಸ್ ಅದಕ್ಕೆ ಕೋರಿಕೆಗಳನ್ನು ಕಳುಹಿಸುವುದಿಲ್ಲ.

ಅದು 1/1 ಆಗಿದ್ದರೆ ಮುಂದಿನ ಹಂತವಾಗಿ ಆ ಸರ್ವಿಸಿನ ಎಂಡ್‌ಪಾಯಿಂಟ್‌ಸ್ಲೈಸನ್ನು, ಅಂದರೆ ಅದು ಕೋರಿಕೆ ಕಳುಹಿಸುವ ಪಾಡ್ ವಿಳಾಸಗಳ ಪಟ್ಟಿಯನ್ನು, ನೋಡಿ. ಅದರಲ್ಲಿ ಪಾಡಿನ ಐಪಿ ಇಲ್ಲದಿದ್ದರೆ ಸೆಲೆಕ್ಟರ್ ಮತ್ತು ಲೇಬಲ್ ಹೊಂದುತ್ತಿಲ್ಲ, ಅಥವಾ ಸರ್ವಿಸ್ ಮತ್ತು ಪಾಡ್ ಬೇರೆ ಬೇರೆ ನೇಮ್‌ಸ್ಪೇಸ್‌ಗಳಲ್ಲಿ (ಕ್ಲಸ್ಟರಿನೊಳಗಿನ ಹೆಸರಿಟ್ಟ ವಿಭಾಗಗಳಲ್ಲಿ) ಇವೆ. ಐಪಿ ಇದ್ದು ಸಂಪರ್ಕ ನಿರಾಕರಣೆಯಾಗುತ್ತಿದ್ದರೆ, ಟಾರ್ಗೆಟ್‌ಪೋರ್ಟ್ ತಪ್ಪಿದೆ ಅಥವಾ ನಿಮ್ಮ ಪ್ರೋಗ್ರಾಂ 127.0.0.1 ವಿಳಾಸದಲ್ಲಿ ಮಾತ್ರ ಆಲಿಸುತ್ತಿದೆ.

ಈ ಕೊನೆಯ ಕಾರಣವನ್ನು ಸ್ವಲ್ಪ ವಿವರಿಸಬೇಕು. ಅಭಿವೃದ್ಧಿಗೆಂದಿರುವ ಹಲವು ವೆಬ್ ಸರ್ವರ್‌ಗಳು ಸುರಕ್ಷತೆಯ ದೃಷ್ಟಿಯಿಂದ ಸ್ವಯಂವಿಳಾಸದಲ್ಲಿ ಮಾತ್ರ ಆಲಿಸುತ್ತವೆ. ಪಾಡಿನೊಳಗೆ ಆ ವಿಳಾಸಕ್ಕೆ ‘ಈ ಪಾಡ್ ಮಾತ್ರ’ ಎಂದರ್ಥ; ಸರ್ವಿಸಿನ ಮೂಲಕ ಬರುವ ಕೋರಿಕೆ ಪಾಡಿನ ಐಪಿಗೆ ಬರುವುದರಿಂದ ಅಲ್ಲಿ ಅದನ್ನು ಸ್ವೀಕರಿಸುವವರಿಲ್ಲ. ದಾರಿ ತಪ್ಪಿಸುವ ಸಂಗತಿಯೆಂದರೆ, ನಿಮ್ಮ ಕಂಪ್ಯೂಟರಿನ ಪೋರ್ಟೊಂದನ್ನು ಪಾಡಿಗೆ ಜೋಡಿಸುವ ‘ಪೋರ್ಟ್-ಫಾರ್ವರ್ಡ್’ ಆದೇಶ ಪಾಡಿನ ಒಳಗಿನಿಂದಲೇ, ಅದರ ಸ್ವಯಂವಿಳಾಸದ ಮೂಲಕವೇ ಸಂಪರ್ಕ ಮಾಡುತ್ತದೆ. ಹೀಗಾಗಿ ಅದರಲ್ಲಿ ಪುಟ ತೆರೆದುಕೊಳ್ಳುತ್ತದೆ, ಸರ್ವಿಸಿನಲ್ಲಿ ತೆರೆದುಕೊಳ್ಳುವುದಿಲ್ಲ, ನೋಡುವವರು ಸರ್ವಿಸಿನ ಮೇಲೆ ಅನುಮಾನಪಡುತ್ತಾರೆ. ಈ ಲಕ್ಷಣ ಕಂಡರೆ ಮೊದಲು ಪ್ರೋಗ್ರಾಮನ್ನು 0.0.0.0 ವಿಳಾಸದಲ್ಲಿ ಆಲಿಸುವಂತೆ ಬದಲಾಯಿಸಿ.

ಇದೆಲ್ಲ ಸರಿಯಿದ್ದರೆ, ಕ್ಲಸ್ಟರಿನೊಳಗೆ ತಾತ್ಕಾಲಿಕ ಪಾಡೊಂದನ್ನು ಎಬ್ಬಿಸಿ ಅಲ್ಲಿಂದ ಸರ್ವಿಸಿನ ಹೆಸರಿಗೆ ‘ಕರ್ಲ್’ ಮಾಡಿ ನೋಡಿ. ಅಲ್ಲಿ ಉತ್ತರ ಬಂದರೆ ಸಮಸ್ಯೆ ಇರುವುದು ಕ್ಲಸ್ಟರಿಗೂ ನಿಮ್ಮ ಬ್ರೌಸರಿಗೂ ನಡುವೆ ಮಾತ್ರ, ಅದು ಮುಂದಿನ ಮೂರು ಪ್ರಶ್ನೆಗಳ ವಿಷಯ.

## ಬ್ರೌಸರಿನಿಂದ ತಲುಪಲು ಪೋರ್ಟ್-ಫಾರ್ವರ್ಡ್ ಒಂದೇ ಸಾಲದೇ?

ಪರೀಕ್ಷೆಗೆ ಸಾಕು, ಅವಲಂಬನೆಗೆ ಸಾಲದು. ಸರ್ವಿಸಿನ ಹೆಸರು ಕೊಟ್ಟರೂ ಅದು ಒಂದೇ ಪಾಡನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳುತ್ತದೆ. ಆ ಪಾಡ್ ಅಳಿದರೆ ಸಂಪರ್ಕ ಮುರಿಯುತ್ತದೆ. ಮೂರು ಪ್ರತಿಗಳಿದ್ದರೂ ಹೊರೆ ಹಂಚಿಕೆಯಾಗುವುದಿಲ್ಲ. ಆದ್ದರಿಂದ ಹೊರೆ ಹಂಚಿಕೆಯನ್ನಾಗಲಿ, ಅಡಚಣೆಯಿಲ್ಲದ ಅಪ್‌ಡೇಟನ್ನಾಗಲಿ ಇದರ ಮೂಲಕ ಪರೀಕ್ಷಿಸಲು ಹೋಗಬೇಡಿ.

## ‘ಲೋಡ್‌ಬ್ಯಾಲೆನ್ಸರ್’ ಬಗೆಯ ಸರ್ವಿಸಿಗೆ ಹೊರಗಿನ ಐಪಿ ಬಾರದೆ ‘ಪೆಂಡಿಂಗ್’ ಎಂದೇ ಉಳಿದಿದೆಯಲ್ಲ?

ಹೊರಗಿನ ಐಪಿಯನ್ನು ಕೊಡುವುದು ಕ್ಲಸ್ಟರ್ ಇರುವ ಕ್ಲೌಡ್ ವ್ಯವಸ್ಥೆಯ ಕೆಲಸ. ನಿಮ್ಮ ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವವರು ಇಲ್ಲದಿರುವುದರಿಂದ ಸರ್ವಿಸ್ ಕಾಯುತ್ತ ಕೂರುತ್ತದೆ. ಮಿನಿಕ್ಯೂಬ್‌ನಲ್ಲಿ ‘ಮಿನಿಕ್ಯೂಬ್ ಟನಲ್’ ಆದೇಶವನ್ನು ಪ್ರತ್ಯೇಕ ಟರ್ಮಿನಲ್ಲಿನಲ್ಲಿ ನಡೆಯಲು ಬಿಟ್ಟರೆ ವಿಳಾಸ ಸಿಗುತ್ತದೆ. ಕೆ3ಎಸ್ ಇದಕ್ಕಾಗಿ ತನ್ನದೇ ಪುಟ್ಟ ವ್ಯವಸ್ಥೆಯನ್ನು ಹೊಂದಿದೆ. ಕೈಂಡ್‌ನಲ್ಲಿ ಮೆಟಲ್‌ಎಲ್‌ಬಿಯಂಥದ್ದನ್ನು ನೀವೇ ಸೇರಿಸಿಕೊಳ್ಳಬೇಕು.

ನೋಡ್‌ಪೋರ್ಟ್ ಬಳಸಿದರೂ ಇಂಥದೇ ತೊಡಕು ಎದುರಾಗಬಹುದು. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಕಂಟೇನರ್‌ಗಳು ಒಳಗಿನ ವರ್ಚುವಲ್ ಯಂತ್ರವೊಂದರಲ್ಲಿ ನಡೆಯುವುದರಿಂದ, ಕಂಟೇನರ್ ರೂಪದ ನೋಡಿನ ಐಪಿ ನಿಮ್ಮ ಬ್ರೌಸರಿಗೆ ನೇರವಾಗಿ ಸಿಗುವುದಿಲ್ಲ. ಕೈಂಡ್‌ನಲ್ಲಿ ಹೆಚ್ಚುವರಿ ಪೋರ್ಟ್ ಜೋಡಣೆಗಳನ್ನು ಕ್ಲಸ್ಟರಿನ ಸಂರಚನಾ ಕಡತದಲ್ಲಿ ಬರೆಯಬೇಕು, ಅದೂ ಕ್ಲಸ್ಟರ್ ಕಟ್ಟುವ ಮೊದಲೇ. ಕಟ್ಟಿದ ಮೇಲೆ ಸೇರಿಸಲು ಬಾರದು, ಅಳಿಸಿ ಮತ್ತೆ ಕಟ್ಟಬೇಕು.

## ಇಂಗ್ರೆಸ್ ಬರೆದಿದ್ದೇನೆ, ಆದರೆ ಏನೂ ಆಗುತ್ತಿಲ್ಲ.

ಇಂಗ್ರೆಸ್ ಎಂಬುದು ನಿಯಮಗಳನ್ನು ಬರೆದಿಟ್ಟ ಹಾಳೆ ಮಾತ್ರ. ಅದನ್ನು ಓದಿ ನಡೆಸಲು ಇಂಗ್ರೆಸ್ ಕಂಟ್ರೋಲರ್ ಇರಬೇಕು. ಕಂಟ್ರೋಲರ್ ಇಲ್ಲದಿದ್ದರೂ ಕ್ಲಸ್ಟರ್ ನಿಮ್ಮ ಇಂಗ್ರೆಸನ್ನು ಸ್ವೀಕರಿಸಿ ಸುಮ್ಮನಿರುತ್ತದೆ. ಕಂಟ್ರೋಲರ್ ಇದ್ದರೆ, ಇಂಗ್ರೆಸ್‌ಕ್ಲಾಸಿನ ಹೆಸರು ಹೊಂದುತ್ತಿದೆಯೇ ಎಂದೂ, ನಿಯಮದಲ್ಲಿ ಬರೆದ ಹೋಸ್ಟ್ ಹೆಸರನ್ನೇ ಬ್ರೌಸರಿನಲ್ಲಿ ಬಳಸುತ್ತಿದ್ದೀರಾ ಎಂದೂ ನೋಡಿ. ಐಪಿ ವಿಳಾಸವನ್ನು ನೇರವಾಗಿ ಟೈಪಿಸಿದರೆ ಹೋಸ್ಟ್ ನಿಯಮ ಹೊಂದದೆ 404 ಬರುತ್ತದೆ. ಆ ಹೆಸರನ್ನು ನಿಮ್ಮ ಯಂತ್ರದ ‘ಹೋಸ್ಟ್ಸ್’ ಕಡತದಲ್ಲಿ ಬರೆದುಕೊಳ್ಳುವುದು ಸಾಮಾನ್ಯ ಪರಿಹಾರ.

ಕಂಟ್ರೋಲರಿನ ಆಯ್ಕೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬಹಳ ವರ್ಷ ಎಲ್ಲ ಪಾಠಗಳಲ್ಲೂ ಕಾಣಿಸಿಕೊಂಡ ‘ಇಂಗ್ರೆಸ್-ಎಂಜಿನ್‌ಎಕ್ಸ್’ ಯೋಜನೆಯನ್ನು ನಿಲ್ಲಿಸುವುದಾಗಿ ಕುಬರ್ನೆಟೀಸ್ ಯೋಜನೆ 2025ರ ನವೆಂಬರಿನಲ್ಲಿ ಪ್ರಕಟಿಸಿತು. 2026ರ ಮಾರ್ಚ್‌ವರೆಗಷ್ಟೇ ಅದರ ನಿರ್ವಹಣೆ ಎಂದು ತಿಳಿಸಲಾಗಿತ್ತು. ಈಗ ಹೊಸದಾಗಿ ಕಲಿಯುವವರು 2023ರ ಅಕ್ಟೋಬರಿನಲ್ಲಿ 1.0 ಆವೃತ್ತಿ ತಲುಪಿದ, ಇಂಗ್ರೆಸಿನ ಮುಂದಿನ ಪೀಳಿಗೆಯಾದ ಗೇಟ್‌ವೇ ಎಪಿಐಯನ್ನು ಕಲಿಯುವುದು ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ. ಇಂಗ್ರೆಸ್ ಎಪಿಐ ಮಾತ್ರ ಹಾಗೆಯೇ ಉಳಿದಿದೆ, ಬೇರೆ ಕಂಟ್ರೋಲರ್‌ಗಳೊಂದಿಗೆ ನಡೆಯುತ್ತದೆ.

## ಕಾನ್ಫಿಗ್‌ಮ್ಯಾಪ್ ಬದಲಾಯಿಸಿದೆ. ಸೇವೆ ಇನ್ನೂ ಹಳೆಯ ಮೌಲ್ಯವನ್ನೇ ಬಳಸುತ್ತಿರುವುದೇಕೆ?

ಕಾನ್ಫಿಗ್‌ಮ್ಯಾಪ್ ಎಂದರೆ ಸಂರಚನೆಯ ಮೌಲ್ಯಗಳನ್ನು ಇಮೇಜಿನ ಹೊರಗೆ ಇಡುವ ಸಂಗ್ರಹ. ಮೌಲ್ಯ ಪಾಡಿನೊಳಕ್ಕೆ ಯಾವ ದಾರಿಯಲ್ಲಿ ಹೋಗಿದೆ ಎಂಬುದನ್ನು ಇದು ಅವಲಂಬಿಸಿದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಹೋಗಿದ್ದರೆ, ಪ್ರಕ್ರಿಯೆ ಆರಂಭವಾದಾಗ ಇದ್ದ ಮೌಲ್ಯವೇ ಕೊನೆಯವರೆಗೂ ಉಳಿಯುತ್ತದೆ. ಪಾಡ್ ಮರುಹುಟ್ಟು ಪಡೆದರೆ ಮಾತ್ರ ಬದಲಾಗುತ್ತದೆ. ವಾಲ್ಯೂಮ್ ಆಗಿ, ಅಂದರೆ ಕಡತದ ರೂಪದಲ್ಲಿ ಜೋಡಿಸಿದ್ದರೆ, ಸ್ವಲ್ಪ ಹೊತ್ತಿನ ನಂತರ ಕಡತ ತಾನಾಗಿಯೇ ಬದಲಾಗುತ್ತದೆ, ಆದರೆ ಪ್ರೋಗ್ರಾಂ ಅದನ್ನು ಮತ್ತೆ ಓದುವಂತಿರಬೇಕು. ‘ಸಬ್‌ಪಾತ್’ ಬಳಸಿ ಒಂದೇ ಕಡತವನ್ನು ಜೋಡಿಸಿದ್ದರೆ ಆ ಬದಲಾವಣೆಯೂ ಬರುವುದಿಲ್ಲ.

ತಕ್ಷಣದ ಪರಿಹಾರ, ಕ್ಲಸ್ಟರಿಗೆ ಆದೇಶ ಕೊಡುವ ಕ್ಯೂಬ್‌ಸಿಟಿಎಲ್ ಸಾಧನದ ‘ಕ್ಯೂಬ್‌ಸಿಟಿಎಲ್ ರೋಲ್‌ಔಟ್ ರೀಸ್ಟಾರ್ಟ್’ ಆದೇಶ. ಆದರೆ ಮನುಷ್ಯರು ನೆನಪಿಟ್ಟುಕೊಂಡು ಮಾಡಬೇಕಾದ ಹೆಜ್ಜೆ ಎಂದಾದರೂ ಮರೆತುಹೋಗುತ್ತದೆ. ಕಸ್ಟಮೈಸ್ ಸಾಧನದ ಕಾನ್ಫಿಗ್‌ಮ್ಯಾಪ್ ಜನರೇಟರ್, ಒಳಗಿನ ಮೌಲ್ಯಗಳಿಂದ ಲೆಕ್ಕಹಾಕಿದ ಹ್ಯಾಶನ್ನು ಕಾನ್ಫಿಗ್‌ಮ್ಯಾಪಿನ ಹೆಸರಿಗೇ ಸೇರಿಸುತ್ತದೆ. ಮೌಲ್ಯ ಬದಲಾದರೆ ಹೆಸರು ಬದಲಾಗುತ್ತದೆ, ಹೆಸರು ಬದಲಾದರೆ ಡಿಪ್ಲಾಯ್‌ಮೆಂಟ್ ಬದಲಾಗುತ್ತದೆ, ಹೊಸ ಪಾಡ್‌ಗಳು ತಾವಾಗಿಯೇ ಹುಟ್ಟುತ್ತವೆ. ಹಿಂದಿನ ಡಿಪ್ಲಾಯ್‌ಮೆಂಟಿಗೆ ಹಿಂತಿರುಗಿದಾಗ ಹಳೆಯ ಸಂರಚನೆಯೂ ಅದರ ಜೊತೆಗೇ ಹಿಂತಿರುಗುವುದು ಈ ಕ್ರಮದ ದೊಡ್ಡ ಲಾಭ.

ಕಾನ್ಫಿಗ್‌ಮ್ಯಾಪಿನ ಮೌಲ್ಯಗಳೆಲ್ಲ ಅಕ್ಷರಮಾಲೆಗಳೇ ಆಗಿರಬೇಕು. 8080 ಎಂದೋ ‘ಟ್ರೂ’ ಎಂದೋ ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಯಾಮಲ್ ಅದನ್ನು ಸಂಖ್ಯೆ ಅಥವಾ ಬೂಲಿಯನ್ ಎಂದು ಓದುತ್ತದೆ, ಕ್ಲಸ್ಟರ್ ತಿರಸ್ಕರಿಸುತ್ತದೆ. ಒಂದು ಕಾನ್ಫಿಗ್‌ಮ್ಯಾಪಿನ ಗಾತ್ರ 1 ಎಂಐಬಿ ಮೀರುವಂತಿಲ್ಲ.

## ಸೀಕ್ರೆಟ್‌ನಲ್ಲಿ ಇಟ್ಟ ಪಾಸ್‌ವರ್ಡ್ ಸುರಕ್ಷಿತವೇ?

ಅಲ್ಲ. ಸೀಕ್ರೆಟ್, ಅಂದರೆ ಗುಟ್ಟಿನ ಮೌಲ್ಯಗಳ ಸಂಗ್ರಹ, ಮೌಲ್ಯಗಳನ್ನು ಬೇಸ್64 ರೂಪದಲ್ಲಿ ಇಡುತ್ತದೆ. ಬೇಸ್64 ಎಂಬುದು ಬರೆಯುವ ರೀತಿಯೇ ಹೊರತು ಗೂಢಲಿಪಿಯಲ್ಲ; ಯಾರು ಬೇಕಾದರೂ ಅದನ್ನು ಬಿಡಿಸಬಹುದು. ಕ್ಲಸ್ಟರಿನ ಡೇಟಾ ಸಂಗ್ರಹದಲ್ಲೂ ಸೀಕ್ರೆಟ್‌ಗಳು, ನೀವು ಬೇರೆ ಏರ್ಪಾಡು ಮಾಡದ ಹೊರತು, ಗೂಢಲಿಪಿಯಲ್ಲಿ ಇರುವುದಿಲ್ಲ. ಆದ್ದರಿಂದ ಸೀಕ್ರೆಟ್ ಕಡತವನ್ನು ಗಿಟ್‌ಗೆ ಸೇರಿಸಬಾರದು, ಸ್ಥಳೀಯ ಕ್ಲಸ್ಟರಿನಲ್ಲಿ ನಿಜವಾದ ಪಾಸ್‌ವರ್ಡ್ ಬಳಸಲೇಬಾರದು.

ಪಾಸ್‌ವರ್ಡ್ ಸರಿಯಿದ್ದರೂ ಡೇಟಾಬೇಸ್ ಒಪ್ಪುತ್ತಿಲ್ಲವೆಂದರೆ, ‘ಎಕೋ’ ಬಳಸಿ ಬೇಸ್64 ಮಾಡಿದಾಗ ಕೊನೆಗೆ ಸೇರಿಕೊಂಡ ಹೊಸಸಾಲಿನ ಅಕ್ಷರವೇ ಕಾರಣವಿರಬಹುದು. ‘ಸ್ಟ್ರಿಂಗ್‌ಡೇಟಾ’ ವಿಭಾಗದಲ್ಲಿ ಸಾದಾ ಪಠ್ಯವಾಗಿಯೇ ಬರೆದರೆ ಈ ಗೊಂದಲ ಇರುವುದಿಲ್ಲ.

## ನಾನು ಕೊಡದ ಮೌಲ್ಯವೊಂದು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕಾಣಿಸುತ್ತಿದೆ. ಎಲ್ಲಿಂದ ಬಂತು?

ಪಾಡ್ ಹುಟ್ಟುವಾಗ ಅದೇ ನೇಮ್‌ಸ್ಪೇಸಿನಲ್ಲಿರುವ ಸರ್ವಿಸ್‌ಗಳ ವಿಳಾಸಗಳನ್ನು ಕುಬರ್ನೆಟೀಸ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ ತುಂಬುತ್ತದೆ. ‘ರೆಡಿಸ್’ ಎಂಬ ಸರ್ವಿಸ್ ಇದ್ದರೆ ‘ರೆಡಿಸ್_ಪೋರ್ಟ್’ ಎಂಬ ವೇರಿಯಬಲ್ ಹುಟ್ಟುತ್ತದೆ. ಅದರ ಮೌಲ್ಯ ಬರಿಯ ಸಂಖ್ಯೆಯಲ್ಲ, ‘ಟಿಸಿಪಿ’ ಎಂದು ಆರಂಭವಾಗುವ ಪೂರ್ಣ ವಿಳಾಸ. ನಿಮ್ಮ ಪ್ರೋಗ್ರಾಂ ಅದೇ ಹೆಸರಿನಲ್ಲಿ ಪೋರ್ಟ್ ಸಂಖ್ಯೆ ನಿರೀಕ್ಷಿಸುತ್ತಿದ್ದರೆ ಆರಂಭದಲ್ಲೇ ಕುಸಿಯುತ್ತದೆ. ಪಾಡಿನ ವಿವರಣೆಯಲ್ಲಿ ‘ಎನೇಬಲ್‌ಸರ್ವಿಸ್‌ಲಿಂಕ್ಸ್’ ಎಂಬುದನ್ನು ‘ಫಾಲ್ಸ್’ ಮಾಡಿದರೆ ಈ ತುಂಬುವಿಕೆ ನಿಲ್ಲುತ್ತದೆ. ಡಿಎನ್‌ಎಸ್ ಇರುವಾಗ ಈ ಹಳೆಯ ಸೌಲಭ್ಯದ ಅಗತ್ಯ ಬಹುತೇಕ ಸೇವೆಗಳಿಗೆ ಇಲ್ಲ.

## ಪಾಡಿನಿಂದ ಡೇಟಾಬೇಸನ್ನು ಯಾವ ಹೆಸರಿನಿಂದ ಕರೆಯಬೇಕು?

ಡೇಟಾಬೇಸ್ ಕ್ಲಸ್ಟರಿನಲ್ಲೇ, ಅದೇ ನೇಮ್‌ಸ್ಪೇಸಿನಲ್ಲಿ ಇದ್ದರೆ ಅದರ ಸರ್ವಿಸಿನ ಹೆಸರೇ ಸಾಕು. ಬೇರೆ ನೇಮ್‌ಸ್ಪೇಸಿನಲ್ಲಿದ್ದರೆ ಹೆಸರಿನ ನಂತರ ಚುಕ್ಕಿ ಇಟ್ಟು ಆ ನೇಮ್‌ಸ್ಪೇಸಿನ ಹೆಸರು ಸೇರಿಸಬೇಕು. ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಪಾಡ್ ತನ್ನೊಳಗೇ ಹುಡುಕುತ್ತದೆ. ಡೇಟಾಬೇಸ್ ನಿಮ್ಮ ಕಂಪ್ಯೂಟರಿನಲ್ಲಿ ನೇರವಾಗಿ ನಡೆಯುತ್ತಿದ್ದರೆ, ಮಿನಿಕ್ಯೂಬ್ ಅದಕ್ಕಾಗಿ ‘ಹೋಸ್ಟ್.ಮಿನಿಕ್ಯೂಬ್.ಇಂಟರ್ನಲ್’ ಎಂಬ ಹೆಸರನ್ನು ಒದಗಿಸುತ್ತದೆ.

## ಕ್ಲಸ್ಟರ್ ಅಳಿಸಿದರೆ ಡೇಟಾ ಉಳಿಯುತ್ತದೆಯೇ?

ಸಾಮಾನ್ಯವಾಗಿ ಉಳಿಯುವುದಿಲ್ಲ. ಪರ್ಸಿಸ್ಟೆಂಟ್ ವಾಲ್ಯೂಮ್ ಕ್ಲೇಮ್ (ಉಳಿಯುವ ಸಂಗ್ರಹಕ್ಕೆ ಸಲ್ಲಿಸುವ ಬೇಡಿಕೆ) ಬಳಸಿದರೆ ಪಾಡ್ ಅಳಿದರೂ ಡೇಟಾ ಇರುತ್ತದೆ. ಆದರೆ ಸ್ಥಳೀಯ ಕ್ಲಸ್ಟರ್‌ಗಳಲ್ಲಿ ಆ ವಾಲ್ಯೂಮ್ ನೋಡಿನ ಡಿಸ್ಕಿನೊಳಗಿನ ಒಂದು ಫೋಲ್ಡರ್ ಮಾತ್ರ; ಕಂಟೇನರ್ ಅಥವಾ ವರ್ಚುವಲ್ ಯಂತ್ರದ ರೂಪದ ನೋಡ್ ಹೋದರೆ ಅದೂ ಹೋಗುತ್ತದೆ. ಇದನ್ನು ಕೊರತೆಯೆಂದು ನೋಡಬೇಡಿ. ಪರೀಕ್ಷೆಯ ಡೇಟಾವನ್ನು ತುಂಬುವ ಸ್ಕ್ರಿಪ್ಟ್ ಬರೆದಿಟ್ಟುಕೊಂಡರೆ ಕ್ಲಸ್ಟರನ್ನು ನಿರ್ಭಯವಾಗಿ ಅಳಿಸಬಹುದು, ಮತ್ತು ಅಳಿಸಲು ಹೆದರಬೇಕಾದ ಕ್ಲಸ್ಟರ್ ಕಲಿಕೆಗೆ ಒದಗುವುದಿಲ್ಲ.

## ಲೈವ್‌ನೆಸ್, ರೆಡಿನೆಸ್, ಸ್ಟಾರ್ಟಪ್ ಪ್ರೋಬ್‌ಗಳನ್ನು ಹೇಗೆ ಹೊಂದಿಸಬೇಕು?

ಪ್ರೋಬ್ ಎಂದರೆ ಕಂಟೇನರಿನ ಸ್ಥಿತಿಯನ್ನು ಆಗಾಗ ನೋಡುವ ಪರೀಕ್ಷೆ. ರೆಡಿನೆಸ್ ಪ್ರೋಬ್ ಸೋತರೆ ಪಾಡಿಗೆ ಕೋರಿಕೆಗಳು ನಿಲ್ಲುತ್ತವೆ. ಲೈವ್‌ನೆಸ್ ಪ್ರೋಬ್ ಸೋತರೆ ಕಂಟೇನರನ್ನು ಕೊಂದು ಮತ್ತೆ ಆರಂಭಿಸಲಾಗುತ್ತದೆ. ಪರಿಣಾಮಗಳು ಇಷ್ಟು ಬೇರೆಯಾಗಿರುವಾಗ ಎರಡಕ್ಕೂ ಒಂದೇ ಪರೀಕ್ಷೆ ಬರೆಯುವುದು ಅಪಾಯಕರ. ಲೈವ್‌ನೆಸ್ ಪರೀಕ್ಷೆಯಲ್ಲಿ ಡೇಟಾಬೇಸಿನ ಸಂಪರ್ಕವನ್ನು ನೋಡಬಾರದು: ಡೇಟಾಬೇಸ್ ಕೆಲಕಾಲ ನಿಂತರೆ, ಯಾವ ದೋಷವೂ ಇಲ್ಲದ ನಿಮ್ಮ ಪಾಡ್‌ಗಳೆಲ್ಲ ಒಟ್ಟಿಗೆ ಮರುಆರಂಭಗೊಳ್ಳುತ್ತವೆ, ಡೇಟಾಬೇಸ್ ಚೇತರಿಸಿಕೊಳ್ಳುವ ಹೊತ್ತಿಗೆ ಹೊಸ ಸಂಪರ್ಕಗಳ ಹೊರೆ ಅದರ ಮೇಲೆ ಬೀಳುತ್ತದೆ.

ಬೇರೇನೂ ಹೇಳದಿದ್ದರೆ ಪರೀಕ್ಷೆ 10 ಸೆಕೆಂಡಿಗೊಮ್ಮೆ ನಡೆಯುತ್ತದೆ, 1 ಸೆಕೆಂಡಿನೊಳಗೆ ಉತ್ತರ ಬರಬೇಕು, ಸತತ 3 ಬಾರಿ ಸೋತರೆ ಸೋಲೆಂದು ಪರಿಗಣನೆ. ಸಣ್ಣ ಯಂತ್ರದಲ್ಲಿ ಆ 1 ಸೆಕೆಂಡ್ ಸಾಲದೆ ಹೋಗುವುದುಂಟು. ಆರಂಭಕ್ಕೆ ಹೆಚ್ಚು ಸಮಯ ಬೇಕಾಗುವ ಸೇವೆಗಳಿಗೆ ಸ್ಟಾರ್ಟಪ್ ಪ್ರೋಬ್ ಕೊಡಿ. ಅದು ಗೆಲ್ಲುವವರೆಗೆ ಉಳಿದೆರಡು ಪರೀಕ್ಷೆಗಳು ನಡೆಯುವುದಿಲ್ಲ.

## ಪಾಡ್ ‘ಪೆಂಡಿಂಗ್’ನಲ್ಲೇ ಉಳಿಯುವುದು, ‘ಒಒಎಂಕಿಲ್ಡ್’ ಆಗುವುದು ಏಕೆ?

ಎರಡೂ ಮೆಮೊರಿ ಮತ್ತು ಸಿಪಿಯು ಲೆಕ್ಕದ ಎರಡು ಮುಖಗಳು. ‘ರಿಕ್ವೆಸ್ಟ್’ ಎಂದರೆ ಪಾಡಿಗೆ ಮೀಸಲಿಡಬೇಕಾದ ಪ್ರಮಾಣ. ಅಷ್ಟು ಜಾಗ ಯಾವ ನೋಡಿನಲ್ಲೂ ಉಳಿದಿಲ್ಲದಿದ್ದರೆ ಪಾಡ್ ಪೆಂಡಿಂಗ್ ಆಗಿರುತ್ತದೆ, ಕಂಪ್ಯೂಟರ್ ಆ ಕ್ಷಣದಲ್ಲಿ ಕೆಲಸವಿಲ್ಲದೆ ಕುಳಿತಿದ್ದರೂ ಸರಿಯೇ. ‘ಲಿಮಿಟ್’ ಎಂದರೆ ಮೀರಬಾರದ ಗಡಿ. ಸಿಪಿಯು ಗಡಿ ತಲುಪಿದರೆ ಸೇವೆ ನಿಧಾನವಾಗುತ್ತದೆ, ಮೆಮೊರಿ ಗಡಿ ಮೀರಿದರೆ ಪ್ರಕ್ರಿಯೆ ಸಾಯುತ್ತದೆ (ಇದೇ ‘ಒಒಎಂಕಿಲ್ಡ್’), ನಿರ್ಗಮನ ಸಂಖ್ಯೆ 137 ಎಂದು ದಾಖಲಾಗುತ್ತದೆ. ಬರೆಯುವಾಗ ಒಂದು ಎಚ್ಚರ: ಸಣ್ಣಕ್ಷರದ ‘ಎಂ’ ಎಂದರೆ ಸಾವಿರದಲ್ಲೊಂದು ಭಾಗ. ಸಿಪಿಯುವಿಗೆ ಅದು ಸರಿ, ಮೆಮೊರಿಗೆ 400 ಮುಂದೆ ಅದನ್ನು ಬರೆದರೆ 0.4 ಬೈಟ್ ಎಂದಾಗುತ್ತದೆ. ಮೆಮೊರಿಗೆ ‘ಎಂಐ’ ಬಳಸಬೇಕು.

## ‘ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್’ ಕಂಡರೆ ಏನು ಮಾಡಬೇಕು?

ಅದು ದೋಷದ ಹೆಸರಲ್ಲ, ಕಾಯುವಿಕೆಯ ಹೆಸರು. ಕಂಟೇನರ್ ಮತ್ತೆ ಮತ್ತೆ ನಿಲ್ಲುತ್ತಿರುವುದರಿಂದ ಕುಬರ್ನೆಟೀಸ್ 10 ಸೆಕೆಂಡ್, 20 ಸೆಕೆಂಡ್, 40 ಸೆಕೆಂಡ್ ಎಂದು ಅಂತರ ಹೆಚ್ಚಿಸುತ್ತ ಸಾಮಾನ್ಯವಾಗಿ 5 ನಿಮಿಷದವರೆಗೆ ಕಾದು ಮರುಯತ್ನಿಸುತ್ತದೆ. ನಿಜವಾದ ಕಾರಣ ಸತ್ತ ಕಂಟೇನರಿನ ಲಾಗಿನಲ್ಲಿರುತ್ತದೆ. ಅದಕ್ಕಾಗಿ ‘ಲಾಗ್ಸ್’ ಆದೇಶಕ್ಕೆ ‘ಪ್ರೀವಿಯಸ್’ ಆಯ್ಕೆ ಸೇರಿಸಬೇಕು. ಲಾಗ್ ಖಾಲಿಯಿದ್ದರೆ ‘ಡಿಸ್ಕ್ರೈಬ್’ ಮಾಡಿ ನಿರ್ಗಮನ ಸಂಖ್ಯೆ ನೋಡಿ: 127 ಎಂದರೆ ಬರೆದ ಆದೇಶವೇ ಇಮೇಜಿನಲ್ಲಿಲ್ಲ, 126 ಎಂದರೆ ಇದ್ದರೂ ನಡೆಸಲಾಗುತ್ತಿಲ್ಲ. ಸಂಖ್ಯೆ 0 ಇದ್ದರೂ ಇದೇ ಸ್ಥಿತಿ ಬರಬಹುದು. ಸರ್ವರ್ ಪ್ರೋಗ್ರಾಂ ತಾನು ಹಿನ್ನೆಲೆಗೆ ಸರಿದು ಮೂಲ ಪ್ರಕ್ರಿಯೆಯನ್ನು ಮುಗಿಸಿಬಿಟ್ಟರೆ, ಕಂಟೇನರ್ ಮುಗಿಯಿತೆಂದೇ ಲೆಕ್ಕ. ಸರ್ವರನ್ನು ಮುನ್ನೆಲೆಯಲ್ಲೇ ನಡೆಸಬೇಕು.

## ಹೊಸ ಆವೃತ್ತಿ ಹಾಕುವಾಗ ಕೆಲವು ಕೋರಿಕೆಗಳು ಸೋಲುತ್ತವೆ. ತಪ್ಪಿಸುವುದು ಹೇಗೆ?

ಡಿಪ್ಲಾಯ್‌ಮೆಂಟ್ ತಾನಾಗಿಯೇ ಹಂತಹಂತವಾಗಿ ಪಾಡ್‌ಗಳನ್ನು ಬದಲಿಸುತ್ತದೆ. ಒಂದೇ ಪ್ರತಿ ಇದ್ದರೂ ಮೊದಲು ಹೊಸ ಪಾಡ್ ಎದ್ದು, ನಂತರ ಹಳೆಯದು ಹೋಗುತ್ತದೆ. ಆದರೆ ರೆಡಿನೆಸ್ ಪ್ರೋಬ್ ಇಲ್ಲದಿದ್ದರೆ ಕಂಟೇನರ್ ಆರಂಭವಾದ ಕ್ಷಣವೇ ಅದು ಸಿದ್ಧವೆಂದು ಪರಿಗಣಿತವಾಗಿ, ಇನ್ನೂ ಏಳದ ಸೇವೆಗೆ ಕೋರಿಕೆಗಳು ಬರತೊಡಗುತ್ತವೆ.

ಇನ್ನೊಂದು ತುದಿಯಲ್ಲಿ, ಹಳೆಯ ಪಾಡಿಗೆ, ನಿಲ್ಲುವಂತೆ ಹೇಳುವ ‘ಸಿಗ್‌ಟರ್ಮ್’ ಸಂಕೇತ ಹೋಗುವುದೂ ಅದನ್ನು ಸರ್ವಿಸಿನಿಂದ ತೆಗೆಯುವುದೂ ಏಕಕಾಲದಲ್ಲಿ ನಡೆಯುತ್ತವೆ. ಸಂಕೇತ ಬಂದೊಡನೆ ಪ್ರೋಗ್ರಾಂ ನಿಂತುಬಿಟ್ಟರೆ, ಇನ್ನೂ ದಾರಿಯಲ್ಲಿದ್ದ ಕೋರಿಕೆಗಳು ಸೋಲುತ್ತವೆ. ಆ ಸಂಕೇತಕ್ಕೆ ಮೊದಲು ನಡೆಯುವ ‘ಪ್ರೀಸ್ಟಾಪ್’ ಹುಕ್ಕಿನಲ್ಲಿ ಕೆಲವು ಸೆಕೆಂಡ್ ಕಾಯಿಸಿ, ನಂತರ ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಿ ನಿಲ್ಲುವಂತೆ ಮಾಡುವುದು ಒಳ್ಳೆಯ ಕ್ರಮ. ಇದಕ್ಕೆಲ್ಲ ಒಟ್ಟು 30 ಸೆಕೆಂಡ್ ಅವಕಾಶವಿದೆ, ಬೇಕಾದರೆ ಹೆಚ್ಚಿಸಬಹುದು. ಪ್ರತಿ ಬಾರಿಯೂ ಪಾಡ್ ಸಾಯಲು ಸರಿಯಾಗಿ 30 ಸೆಕೆಂಡ್ ತೆಗೆದುಕೊಳ್ಳುತ್ತಿದ್ದರೆ, ಇಮೇಜಿನಲ್ಲಿ ಪ್ರೋಗ್ರಾಮನ್ನು ಶೆಲ್ ಮೂಲಕ ಆರಂಭಿಸಲಾಗಿದ್ದು ಸಂಕೇತ ಶೆಲ್ಲಿನಲ್ಲೇ ನಿಂತುಹೋಗುತ್ತಿದೆ ಎಂದು ಅನುಮಾನಿಸಿ. ಡಾಕರ್‌ಫೈಲ್‌ನಲ್ಲಿ ಆದೇಶವನ್ನು ಚೌಕಾವರಣದ ಪಟ್ಟಿಯ ರೂಪದಲ್ಲಿ ಬರೆದರೆ ಸಂಕೇತ ಪ್ರೋಗ್ರಾಮಿಗೇ ತಲುಪುತ್ತದೆ.

## ಸ್ಥಳೀಯ ಕ್ಲಸ್ಟರಿಗೆಂದು ಕೊಟ್ಟ ಆದೇಶ ತಪ್ಪಿ ಬೇರೆ ಕ್ಲಸ್ಟರಿಗೆ ಹೋಗದಂತೆ ನೋಡಿಕೊಳ್ಳುವುದು ಹೇಗೆ?

ಕ್ಯೂಬ್‌ಸಿಟಿಎಲ್ ಯಾವ ಕ್ಲಸ್ಟರಿನೊಂದಿಗೆ ಮಾತಾಡಬೇಕೆಂಬುದು ಆ ಕ್ಷಣದ ‘ಕಾಂಟೆಕ್ಸ್ಟ್’ ಮೇಲೆ ನಿಂತಿದೆ. ಸ್ಥಳೀಯ ಕ್ಲಸ್ಟರ್ ಕಟ್ಟಿದಾಗ ಮಿನಿಕ್ಯೂಬ್, ಕೈಂಡ್ ಎರಡೂ ಕಾಂಟೆಕ್ಸ್ಟನ್ನು ತಮ್ಮ ಕಡೆಗೆ ಬದಲಿಸಿಕೊಳ್ಳುತ್ತವೆ. ನಂತರ ನೀವು ಬೇರೆ ಕೆಲಸಕ್ಕಾಗಿ ಅದನ್ನು ಬದಲಿಸಿ ಮರೆತರೆ, ಅಳಿಸುವ ಆದೇಶ ನಿಜವಾದ ಬಳಕೆದಾರರಿರುವ ಕ್ಲಸ್ಟರಿಗೆ ಹೋಗಬಹುದು. ಹೋಗುವ ಮುನ್ನ ಕ್ಯೂಬ್‌ಸಿಟಿಎಲ್ ತಡೆದು ಕೇಳುವುದಿಲ್ಲ.

ಎಚ್ಚರದ ಮೇಲೆ ಭರವಸೆ ಇಡುವುದಕ್ಕಿಂತ ವ್ಯವಸ್ಥೆಯನ್ನೇ ಬೇರ್ಪಡಿಸುವುದು ಮೇಲು. ಉತ್ಪಾದನಾ ಕ್ಲಸ್ಟರಿನ ವಿವರಗಳನ್ನು ಮುಖ್ಯ ಕ್ಯೂಬ್‌ಕಾನ್ಫಿಗ್ ಕಡತದಲ್ಲಿ ಇಡದೆ ಪ್ರತ್ಯೇಕ ಕಡತದಲ್ಲಿಟ್ಟು, ಬೇಕಾದ ಟರ್ಮಿನಲ್ಲಿನಲ್ಲಿ ಮಾತ್ರ ‘ಕ್ಯೂಬ್‌ಕಾನ್ಫಿಗ್’ ಎನ್ವಿರಾನ್‌ಮೆಂಟ್ ವೇರಿಯಬಲ್ ಮೂಲಕ ಅದನ್ನು ತೋರಿಸಿ. ಸ್ಕ್ರಿಪ್ಟ್‌ಗಳಲ್ಲಿ ಪ್ರತಿಯೊಂದು ಆದೇಶಕ್ಕೂ ‘ಕಾಂಟೆಕ್ಸ್ಟ್’ ಆಯ್ಕೆಯನ್ನು ಸ್ಪಷ್ಟವಾಗಿ ಬರೆಯಿರಿ. ಉತ್ಪಾದನಾ ಕ್ಲಸ್ಟರಿನಲ್ಲಿ ನಿಮ್ಮ ದಿನನಿತ್ಯದ ಖಾತೆಗೆ ಓದುವ ಹಕ್ಕು ಮಾತ್ರ ಇರುವಂತೆ ಅದರ ನಿರ್ವಾಹಕರನ್ನು ಕೇಳಿಕೊಳ್ಳಿ. ಆಗ ಆದೇಶ ತಪ್ಪಿ ಅಲ್ಲಿಗೆ ಹೋದರೂ ‘ಫರ್ಬಿಡನ್’ ಎಂಬ ಉತ್ತರದೊಂದಿಗೆ ಹಿಂದಿರುಗುತ್ತದೆ.